ಲಾಭ, ಒಂದು, ಎರಡು

ನನಗೆ ಅನುಮಾನ ಜಾಸ್ತಿ ಅಂತ ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾರೆ. ಹೇಳಲಿ ಬಿಡಿ. ಅಕ್ಕಿ ಅಂಗಡಿಯಲ್ಲಿ ಕೂತವಳಿಗೆ ಅಷ್ಟು ಅನುಮಾನವೂ ಇಲ್ಲದಿದ್ದರೆ ಹಾಡಹಗಲಲ್ಲೇ ಮೂಟೆಗಳು ಎದ್ದು ನಡೆದುಬಿಡುತ್ತವೆ. ಆದರೆ ಈ ಸಲದ ಪಾರ್ಕಿನ ವಾರ್ಷಿಕೋತ್ಸವದಲ್ಲಿ ನಾನು ಪಟ್ಟ ಅನುಮಾನ ಬೇರೆ ಥರದ್ದು. ಅದನ್ನು ಯಾರಿಗಾದರೂ ಪೂರ್ತಿ ಹೇಳುವವರೆಗೆ ನನಗೆ ಸಮಾಧಾನವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮೂರಿನ ಪಾರ್ಕು ಅಂಥಾ ದೊಡ್ಡದೇನಲ್ಲ. ಒಂದು ಜೈಂಟ್ ವೀಲು, ಒಂದು ಕೊಲಂಬಸ್ ದೋಣಿ, ಬಣ್ಣ ಹೋದ ಹತ್ತು ಮರದ ಕುದುರೆಗಳು, ಆಮೇಲೆ ಪುಟಾಣಿ ರೈಲು. ಭಾನುವಾರ ಬಂತೆಂದರೆ ಹೆಂಡತಿ, ಮಕ್ಕಳು, ಚಪಾತಿ ಡಬ್ಬಿ, ನೀರಿನ ಬಾಟಲಿ ಸಮೇತ ಊರೇ ಅಲ್ಲಿರುತ್ತದೆ. ರೈಲು ಪಾರ್ಕಿನ ಸುತ್ತ ಒಂದು ಸುತ್ತು ಹಾಕಿ, ಸಿಮೆಂಟಿನ ಗುಡ್ಡದ ಸುರಂಗದೊಳಗೆ ನುಗ್ಗಿ, ಆ ಕಡೆಯಿಂದ ಹೊರಗೆ ಬಂದು ನಿಲ್ಲುತ್ತದೆ. ವರ್ಷವಿಡೀ ಎಷ್ಟು ಜನ ಹತ್ತುತ್ತಾರೋ ಅಷ್ಟೇ ಜನ ಇಳಿಯುತ್ತಾರೆ. ವಾರ್ಷಿಕೋತ್ಸವದ ದಿನ ಮಾತ್ರ ಒಬ್ಬರು ಹೆಚ್ಚಿಗೆ ಇಳಿಯುತ್ತಾರೆ. ಆ ಹೆಚ್ಚಿಗೆ ಬಂದವರನ್ನು ನಾವು ಲಾಭ ಅಂತ ಕರೆಯುತ್ತೇವೆ.

ಎಲ್ಲಿಂದ ಬಂದಿರಿ ಅಂತ ಲಾಭವನ್ನು ಯಾರೂ ಕೇಳುವುದಿಲ್ಲ, ಕೇಳಿದರೂ ಅವರಿಗೆ ಗೊತ್ತಿರುವುದಿಲ್ಲ. ಇಳಿದವರೆಲ್ಲ ಅವರವರ ಮನೆಯವರ ಪಕ್ಕಕ್ಕೆ ಹೋಗಿ ನಿಂತ ಮೇಲೆ, ಯಾರ ಪಕ್ಕಕ್ಕೂ ಹೋಗದೆ ಉಳಿಯುವವರೇ ಲಾಭ. ಸರದಿಯಲ್ಲಿರುವ ಮನೆಯವರು ಅವರನ್ನು ಕರೆದುಕೊಂಡು ಹೋಗುತ್ತಾರೆ, ಎರಡು ವಾರದೊಳಗೆ ರೇಷನ್ ಕಾರ್ಡಿಗೂ ಸೇರಿಸುತ್ತಾರೆ. ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರು ಲಾಭ. ಬಸ್ ಸ್ಟ್ಯಾಂಡಿನ ಎದುರಿನ ಹಲ್ಲಿನ ಡಾಕ್ಟರ ಹೆಂಡತಿಯೂ ಲಾಭ. ಇಂಥ ವಯಸ್ಸಿನವರೇ ಬೇಕು ಅನ್ನುವಂತಿಲ್ಲ. ತೊಟ್ಟಿಲು ಕಟ್ಟಿಕೊಂಡು ಕಾದಿದ್ದ ಪುಟ್ಟಾಚಾರಿಯ ಮನೆಗೆ ಎಪ್ಪತ್ತು ದಾಟಿದ ಅಜ್ಜ ಬಂದರು. ಮೊದಲ ತಿಂಗಳು ಗಂಡ ಹೆಂಡತಿ ಇಬ್ಬರ ಮುಖವೂ ಗಂಟು ಹಾಕಿಕೊಂಡಿತ್ತು. ಈಗ ಅಜ್ಜನಿಗೆ ಒಂದು ಸೀನು ಬಂದರೆ ಇಬ್ಬರೂ ಕಷಾಯ ಕಾಯಿಸಲು ಓಡುತ್ತಾರೆ.

ನಮ್ಮ ಸರದಿಗಾಗಿ ನಾವು ಹನ್ನೊಂದು ವರ್ಷ ಕಾದಿದ್ದೆವು. ನನಗೀಗ ನಲವತ್ತಾರು, ನಮ್ಮ ಮನೆಯವರಿಗೆ ಐವತ್ತೆರಡು. ಮಕ್ಕಳಾಗಲಿಲ್ಲ, ಅದರ ಕಥೆ ಬೇಡ. ಯಾರು ಬಂದರೂ ಸಂತೋಷವೇ ಅಂತ ಊರಿನವರ ಮುಂದೆ ಹೇಳುತ್ತಿದ್ದೆ. ಒಳಗೊಳಗೆ ಮಗುವೇ ಬರಲಿ, ಮಗುವೇ ಬರಲಿ ಅಂತ ಕಂಡಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೆ. ಇನ್ನೊಂದು ಸುತ್ತು ಕಾಯುವಷ್ಟು ಆಯುಷ್ಯ, ತಾಳ್ಮೆ ಎರಡೂ ನಮ್ಮ ಹತ್ತಿರ ಇರಲಿಲ್ಲ.

ಪಾರ್ಕಿನ ಕಮಿಟಿಯ ನಿಯಮಗಳು ಭಾರಿ ಖಡಕ್ಕು. ರೈಲು ಹತ್ತುವಾಗ ಮ್ಯಾನೇಜರ್ ವಾಮನಯ್ಯ ಎಣಿಸುತ್ತಾರೆ. ಇಳಿಯುವಾಗ ಯಾರ ಸರದಿಯೋ ಆ ಮನೆಯವರೇ ಎಣಿಸಬೇಕು. ಅದೂ ಒಂದೇ ಸಲ, ಯಾಕೆಂದರೆ ಜನರನ್ನು ಎರಡೆರಡು ಸಲ ಎಣಿಸಿದರೆ ಕೇಡು ಅಂತ ನಮ್ಮಲ್ಲಿ ಭಯ. ಲೆಕ್ಕ ಸರಿಸಮ ಬಂದರೆ ಆ ವರ್ಷ ಲಾಭವಿಲ್ಲ, ಸರದಿಯವರ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ. ಎಣಿಸಿದ್ದೇ ತಪ್ಪು ಅಂತ ಆಮೇಲೆ ಗೊತ್ತಾದರೆ ಲಾಭ ಪಟ್ಟಿಯಲ್ಲಿರುವ ಮುಂದಿನ ಮನೆಗೆ. ಇದೆರಡೂ ನಮ್ಮೂರಲ್ಲಿ ಯಾವತ್ತೂ ಆಗಿರಲಿಲ್ಲ, ಅದಕ್ಕೇ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ನಮ್ಮ ನಂತರದ ಹೆಸರು ನನ್ನ ನಾದಿನಿ ಕಸ್ತೂರಿಯದು. ನಮ್ಮ ಮನೆಯವರ ಒಬ್ಬಳೇ ತಂಗಿ. ಗಂಡ ಹೋಗಿ ನಾಲ್ಕು ವರ್ಷವಾಯಿತು, ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬಳೇ ಇದ್ದಾಳೆ, ಪಾರ್ಕಿನಲ್ಲಿ ರೈಲಿನ ಟಿಕೆಟ್ ಕೊಡುವ ಕೆಲಸ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಒಳಗೆ ಏನು ಓಡುತ್ತಿದೆ ಅಂತಲೇ ತಿಳಿಯುವುದಿಲ್ಲ ನೋಡಿ.

ಈ ಸಲದ ಉತ್ಸವ ಬೆಳಗಿನಿಂದಲೇ ಹಳ್ಳ ಹಿಡಿಯಿತು. ಕರಪತ್ರದಲ್ಲಿ ಏನೇನೋ ಅಚ್ಚು ಹಾಕಿಸಿದ್ದರು, ಜಾದೂ ಪ್ರದರ್ಶನ, ಆರ್ಕೆಸ್ಟ್ರಾ, ಮಕ್ಕಳಿಗೆಲ್ಲ ಬಾಂಬೆ ಮಿಠಾಯಿ. ಜಾದೂಗಾರನಿಗೆ ಜ್ವರವಂತೆ, ಬರಲಿಲ್ಲ. ಆರ್ಕೆಸ್ಟ್ರಾದಿಂದ ಕೀಬೋರ್ಡಿನವನೊಬ್ಬ ಬಂದು ಒಂದೇ ರಾಗವನ್ನು ಮಧ್ಯಾಹ್ನದವರೆಗೆ ಅರೆದ. ಬಾಂಬೆ ಮಿಠಾಯಿಯ ಯಂತ್ರ ನೂಲು ತೆಗೆಯುವ ಬದಲು ಸಕ್ಕರೆ ಗಟ್ಟಿ ಉಗುಳಿತು, ಮಕ್ಕಳು ಅದನ್ನೇ ಕಡಿದು ಹಲ್ಲು ನೋಯಿಸಿಕೊಂಡವು. ಬಾಗಿಲಿಗೆ ಕಟ್ಟಿದ್ದ ಬಲೂನುಗಳು ಬಿಸಿಲಿಗೆ ಒಂದೊಂದಾಗಿ ಢಮ್ಮೆಂದವು. ಜೈಂಟ್ ವೀಲು ಹನ್ನೊಂದು ಗಂಟೆಗೆ ನಿಂತುಹೋಯಿತು, ಕಮಿಟಿ ಅಧ್ಯಕ್ಷರ ಬೀಗರು ಮುಕ್ಕಾಲು ಗಂಟೆ ಮೇಲೆಯೇ ಕೂತು ಕೈ ಬೀಸುತ್ತಿದ್ದರು. ಕೆಳಗಿನವರು ಖುಷಿಗೆ ಬೀಸುತ್ತಿದ್ದಾರೆ ಅಂದುಕೊಂಡು ತಾವೂ ಬೀಸಿದರು. ಅಧ್ಯಕ್ಷರ ಭಾಷಣ ಮಾತ್ರ ಎಲ್ಲೂ ಕೆಡದೆ ಒಂದು ಗಂಟೆ ನಡೆಯಿತು. ಇಷ್ಟಾದರೂ ಜನ ಎದ್ದು ಹೋಗಲಿಲ್ಲ, ಮೂರು ಗಂಟೆಯ ರೈಲು ನೋಡಿಯೇ ಹೋಗೋಣ ಅಂತ ಕೂತಿದ್ದರು.

ರೈಲು ಹೊರಡುವ ಮೊದಲು ವಾಮನಯ್ಯ ಎಣಿಸಿ, ಸ್ಲೇಟಿನ ಮೇಲೆ ಐವತ್ತೆಂಟು ಅಂತ ದಪ್ಪಗೆ ಬರೆದು ಎಲ್ಲರಿಗೂ ತೋರಿಸಿದರು. ನಾನು ಹೊಸ ಸೀರೆ ಉಟ್ಟುಕೊಂಡು ಇಳಿಯುವ ಕಡೆಯ ಗೇಟಿನಲ್ಲಿ ನಿಂತೆ. ಪಕ್ಕದಲ್ಲೇ ಕಸ್ತೂರಿಯ ಟಿಕೆಟ್ ಕಿಟಕಿ. ನಮ್ಮ ಮನೆಯವರು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತು, ನೋಡಲಾರದೆ ಬೇರೆ ಕಡೆ ಮುಖ ಮಾಡಿದ್ದರು. ಗಾಬರಿಗೆ ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದೆ. ಧ್ವನಿವರ್ಧಕ ಬೇರೆ ಕಿವಿಯ ಮೇಲೇ ಒದರುತ್ತಿತ್ತು. ರೈಲು ಸುರಂಗದಿಂದ ಬಂದು ನಿಂತಿತು. ಮುಖ ನೋಡಬೇಡಿ, ಮುಖ ನೋಡಿದರೆ ಲೆಕ್ಕ ತಪ್ಪುತ್ತದೆ, ತಲೆ ಮಾತ್ರ ನೋಡಿ ಅಂತ ವಾಮನಯ್ಯ ಮೊದಲೇ ಹೇಳಿದ್ದರು. ಹಾಗೇ ಮಾಡಿದೆ. ಒಂದೊಂದು ತಲೆ ಗೇಟು ದಾಟುವಾಗಲೂ ಬಾಯಿಬಿಟ್ಟು ಎಣಿಸಿದೆ. ಕೊನೆಯ ತಲೆ ದಾಟಿದಾಗ ನನ್ನ ಬಾಯಲ್ಲಿದ್ದದ್ದು ಐವತ್ತೆಂಟು.

ಇನ್ನೊಬ್ಬರು ಇರಲೇಬೇಕು ಅಂತ ಆರೂ ಡಬ್ಬಿಗಳೊಳಗೆ ಬಗ್ಗಿ ನೋಡಿದೆ. ಯಾರೂ ಇಲ್ಲ. ಎಷ್ಟಮ್ಮಾ ಅಂತ ವಾಮನಯ್ಯ ಕೇಳಿದರು, ಐವತ್ತೆಂಟು ಅಂದೆ. ಅವರು ಪಾಪ, ಸ್ಲೇಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಆದರೆ ಅಧ್ಯಕ್ಷರು ಮೈಕಿನಲ್ಲಿ ಈ ವರ್ಷ ಲಾಭವಿಲ್ಲ, ಎಲ್ಲರೂ ಪಲಾವಿಗೆ ಬರಬೇಕು ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಜನ ಛೇ ಅಂದರು, ಇಷ್ಟಕ್ಕೆ ಬಂದೆವಾ ಅಂದರು, ತಟ್ಟೆ ಹಿಡಿದು ಸಾಲು ನಿಂತರು. ನಮ್ಮ ಹನ್ನೊಂದು ವರ್ಷ ತಳ ಹಿಡಿದ ಪಲಾವಿನ ವಾಸನೆಯಲ್ಲಿ ಮುಗಿದುಹೋಯಿತು.

ಆಗಲೇ ಕಸ್ತೂರಿ ಕಿಟಕಿ ಬಿಟ್ಟು ಓಡಿಬಂದು ನನ್ನ ತೋಳು ಹಿಡಿದು, ಅತ್ತಿಗೆ, ಸ್ವಲ್ಪ ಈ ಕಡೆ ಬನ್ನಿ, ಒಂದು ಮಾತಿದೆ ಅಂದಳು. ಮುಖದಲ್ಲಿ ಎಂಥದೋ ಗಾಬರಿ. ಸಮಾಧಾನ ಹೇಳುವವರ ಮುಖ ಅದಲ್ಲ. ನನ್ನ ತಲೆ ಎಲ್ಲಿಗೆ ಓಡಿತೆಂದರೆ, ಇವಳು ಗೇಟಿನ ಪಕ್ಕದಲ್ಲೇ ಇದ್ದಳು, ಇವಳ ಹೆಸರು ನಮ್ಮ ಹಿಂದೆಯೇ ಇದೆ, ನಮಗೆ ಬರಬೇಕಾದದ್ದನ್ನು ಇವಳೇ ಏನೋ ಮಾಡಿದ್ದಾಳೆ.

“ನಮ್ಮ ಹೊಟ್ಟೆಗೆ ಕಲ್ಲು ಹಾಕಿ ಈಗ ಮಾತಾಡೋಕೆ ಬಂದೆಯಾ, ಕಳ್ಳಿ?” ಅಂದುಬಿಟ್ಟೆ.

ಮೆಲ್ಲಗೆ ಅನ್ನಲಿಲ್ಲ. ಪಲಾವಿನ ಸಾಲಿನಲ್ಲಿದ್ದವರೆಲ್ಲ ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದರು. ಕಸ್ತೂರಿಯ ಕೈ ನನ್ನ ತೋಳಿನಿಂದ ಜಾರಿತು. ಅವಳು ಸುತ್ತ ನಿಂತವರನ್ನು ನೋಡಿದಳು, ವಾಮನಯ್ಯನವರನ್ನು ನೋಡಿದಳು, ತುಟಿ ಬಿಗಿದುಕೊಂಡು ಕಿಟಕಿಯ ಒಳಗೆ ಹೋದಳು. ತಪ್ಪಿಲ್ಲದವಳಾಗಿದ್ದರೆ ತಿರುಗಿ ಬೈಯುತ್ತಿರಲಿಲ್ಲವೇ ಅಂತ ಮನೆಗೆ ಬರುವ ದಾರಿಯುದ್ದಕ್ಕೂ ನಮ್ಮ ಮನೆಯವರನ್ನು ಕೇಳಿದೆ. 

ಆಮೇಲಿನ ನಾಲ್ಕು ದಿನ ನಾನು ಅನುಮಾನ ಪಡದ ಮನುಷ್ಯರೇ ಊರಿನಲ್ಲಿ ಉಳಿಯಲಿಲ್ಲ. ವಾಮನಯ್ಯನವರಿಗೆ ಕಣ್ಣಿನ ಪೊರೆ, ಕಾಣದೆಯೋ ಬೇಕೆಂದೋ ಒಂದು ಹೆಚ್ಚಿಗೆ ಬರೆದರೋ ಏನೋ. ರೈಲು ಓಡಿಸುವ ಹನೀಫ್ ಸಾಹೇಬರು ಸುರಂಗದೊಳಗೆ ಎಂದಿಗಿಂತ ಜಾಸ್ತಿ ಹೊತ್ತು ನಿಲ್ಲಿಸಿದ್ದರು ಅಂತ ನನಗೆ ಅನ್ನಿಸಿತು. ಅವರ ಮನೆಗೇ ಹೋಗಿ ಕೇಳಿದೆ. ಅವರು ಚಹಾ ಕೊಟ್ಟು, ಗಡಿಯಾರ ತೋರಿಸಿ, ಪ್ರತಿ ಸಲ ನಲವತ್ತು ಸೆಕೆಂಡು ತಾಯಿ, ಈ ಸಲವೂ ನಲವತ್ತೇ ಅಂದರು. ಕೊನೆಗೆ ಸುತ್ತಿ ಬಳಸಿ ನನ್ನ ಅನುಮಾನ ಬಂದು ನಿಲ್ಲುತ್ತಿದ್ದದ್ದು ಕಸ್ತೂರಿಯ ಬಾಗಿಲಿಗೇ.

ಸುಮ್ಮನೆ ಅಲ್ಲ, ಆಧಾರವಿತ್ತು. ಒಬ್ಬಳೇ ಇರುವ ಹೆಂಗಸು ದಿನಾ ಅರ್ಧ ಲೀಟರ್ ಹಾಲು ತರಿಸುತ್ತಿದ್ದಳು, ಸೋಮವಾರದಿಂದ ಒಂದು ಲೀಟರ್ ಅಂತ ಹಾಲಿನವನೇ ಹೇಳಿದ. ಬೀದಿಯ ಕಡೆಯ ಕಿಟಕಿ ಸದಾ ತೆರೆದಿರುತ್ತಿತ್ತು, ಈಗ ಮುಚ್ಚಿತ್ತು. ಪಾರ್ಕಿಗೆ ನಾಲ್ಕು ದಿನ ರಜೆ ಹಾಕಿದ್ದಳು. ಅದೂ ಸಾಲದೆಂದು ಎರಡು ಸಲ ನಮ್ಮ ಮನೆಗೆ ಬಂದು ಬಾಗಿಲು ತಟ್ಟಿದಳು. ಕಿಂಡಿಯಲ್ಲಿ ನೋಡಿ ಅವಳೇ ಅಂತ ಗೊತ್ತಾದ ಮೇಲೆ ನಾನು ಚಿಲಕ ತೆಗೆಯಲಿಲ್ಲ. ಅತ್ತಿಗೆ, ನಿಮಗೊಬ್ಬರಿಗೇ ಹೇಳೋ ಮಾತು, ತೆಗೀರಿ ಅಂತ ಬೇಡಿಕೊಂಡಳು. ಹೊಟ್ಟೆಯೊಳಗಿನ ತಪ್ಪು ಕುಟುಕುತ್ತಿದೆ, ಕುಟುಕಲಿ ಅಂದುಕೊಂಡೆ. ತಂಗಿಯ ಹತ್ತಿರ ಮಾತಾಡಿದರೆ ನನ್ನ ಹತ್ತಿರ ಮಾತಾಡಬೇಡಿ ಅಂತ ಗಂಡನಿಗೂ ಆಣೆ ಹಾಕಿದ್ದೆ.

ಐದನೆಯ ದಿನ ಅಂಗಡಿಗೆ ಹೊಸ ಗಿರಾಕಿ ಬಂದರು. ಪೋಸ್ಟ್ ಮಾಸ್ತರರ ಹೆಂಡತಿ, ಊರಿಗೆ ಬಂದು ತಿಂಗಳೂ ಆಗಿಲ್ಲ. ನಾಲ್ಕು ಸೇರು ಅಕ್ಕಿ ಕೇಳಿದರು. ನಾನು ದಿನಾ ಅಳೆಯುವ ಹಾಗೇ ಅಳೆದು ಚೀಲಕ್ಕೆ ಸುರಿದೆ. ಆಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರು, ಇದೇನಮ್ಮಾ ನಿಮ್ಮ ಲೆಕ್ಕ, ನಮ್ಮ ಕಡೆ ಲಾಭ ಅಂದರೇನೇ ಒಂದು, ಅದಾದ ಮೇಲೆ ಎರಡು, ನೀವು ಲಾಭ ಅಂದು ಮತ್ತೆ ಒಂದು ಅಂತೀರಲ್ಲ ಅಂದರು.

ನಾನು ನಕ್ಕೆ. ಹೌದಮ್ಮಾ, ಈ ಊರಿನಲ್ಲೂ ಎಲ್ಲರೂ ಎಣಿಸುವುದು ನಿಮ್ಮ ಹಾಗೇ, ನಮ್ಮ ಅಂಗಡಿಯದೊಂದೇ ಬೇರೆ ಪದ್ಧತಿ ಅಂತ ಹೆಮ್ಮೆಯಿಂದಲೇ ವಿವರಿಸಿದೆ. ನಮ್ಮ ಮಾವನವರು ಹಾಕಿಕೊಟ್ಟದ್ದು. ಮೊದಲು ಒಂದು ಹಿಡಿ ಅಕ್ಕಿಯನ್ನು ಕೈಯಿಂದಲೇ ಚೀಲಕ್ಕೆ ಹಾಕಿ ಲಾಭ ಅನ್ನುವುದು, ಅದು ಗಿರಾಕಿಗೆ ನಮ್ಮ ಪ್ರೀತಿ, ಲೆಕ್ಕಕ್ಕಿಲ್ಲ. ಆಮೇಲೆ ಸೇರು ಹಿಡಿದು ಒಂದು, ಎರಡು, ಮೂರು. ನೋಡಿ ಹೀಗೆ ಅಂತ ಇನ್ನೊಂದು ಹಿಡಿ ಎತ್ತಿ ಲಾಭ ಅಂದೆ, ಸೇರು ಎತ್ತಿ ಒಂದು ಅಂದೆ. ಅಷ್ಟೇ, ಎತ್ತಿದ ಸೇರು ಅಲ್ಲೇ ನಿಂತಿತು.

ಯಾಕೆಂದರೆ ಅವತ್ತು ಗೇಟಿನಲ್ಲಿ ನಾನು ಅಂದ ಮೊದಲ ಮಾತು ಲಾಭ. ಎಲ್ಲರಿಗಿಂತ ಮುಂದೆ ಬಂದದ್ದು ಕುಲಾವಿ ಹಾಕಿದ ಒಂದು ತಲೆ, ಅದಕ್ಕೆ ಲಾಭ ಅಂದೆ. ಅದರ ಹಿಂದಿನ ತಲೆಗೆ ಎರಡು ಅನ್ನಬೇಕಿತ್ತು, ಒಂದು ಅಂದೆ. ಇಪ್ಪತ್ತನಾಲ್ಕು ವರ್ಷ ಅಕ್ಕಿ ಅಳೆದ ಬಾಯಿ, ಗಾಬರಿಯಲ್ಲಿ ಮನುಷ್ಯರನ್ನೂ ಅಕ್ಕಿಯ ಹಾಗೇ ಅಳೆಯಿತು. ಇಳಿದವರು ಐವತ್ತೆಂಟಲ್ಲ, ಐವತ್ತೊಂಬತ್ತು. ನಮ್ಮ ಲಾಭ ಬಂದಿತ್ತು. ನನ್ನ ಕಣ್ಣೆದುರೇ ಗೇಟು ದಾಟಿ ಹೋಗಿತ್ತು, ಎಣಿಸದೆ ಬಿಟ್ಟವಳು ನಾನು. ಸೇರು ಕೈಯಿಂದ ಬಿದ್ದು ಅಕ್ಕಿಯೆಲ್ಲ ನೆಲದ ಪಾಲಾಯಿತು. ನಮ್ಮ ಮನೆಯವರು ಗಾಬರಿಯಿಂದ ಎದ್ದು ಬಂದರು. ಅವರಿಗೆ ಹೇಳಿದೆ, ಅಳುತ್ತಾ ಹೇಳಿದೆ. ಅವರು ಗಿರಾಕಿಯ ಚೀಲ ಕಟ್ಟಿ ಕಳಿಸಿ, ಹಣೆಯ ಮೇಲೆ ಕೈ ಇಟ್ಟುಕೊಂಡು ಮೂಟೆಯ ಮೇಲೆ ಕೂತರು.

ಅಷ್ಟರಲ್ಲಿ ನನಗೆ ಹಾಲಿನ ಲೆಕ್ಕ ನೆನಪಾಯಿತು. ಬಂದ ಲಾಭ ಎಲ್ಲಿ ಹೋಯಿತು ಅಂತ ಬೇರೆ ಹುಡುಕಬೇಕೇ? ತಪ್ಪು ನನ್ನದೇ ಇರಬಹುದು, ಮುಚ್ಚಿಟ್ಟುಕೊಂಡವಳು ಅವಳೇ. ಆದರೆ ಒಂದು ಮಾತು ಮಾತ್ರ ಕೂಡಿಬರಲಿಲ್ಲ. ನಾನು ಎಣಿಸಿದ್ದು ತಪ್ಪು ಅಂತಾದರೆ ನಿಯಮದ ಪ್ರಕಾರವೇ ಲಾಭ ಅವಳದು. ರಾಜಾರೋಷವಾಗಿ ಕೈ ಹಿಡಿದು ಬೀದಿಯಲ್ಲಿ ಓಡಾಡಬಹುದಿತ್ತು. ಕಿಟಕಿ ಮುಚ್ಚಿ ಕೂರುವುದೇಕೆ? ಇದರಲ್ಲೂ ಏನೋ ಮಸಲತ್ತಿದೆ ಅಂದುಕೊಂಡೇ, ಅಂಗಡಿಯನ್ನು ಅವರಿಗೆ ಬಿಟ್ಟು ಸೆರಗು ಬಿಗಿದುಕೊಂಡು ಹೊರಟೆ.

ಕಸ್ತೂರಿ ಬಾಗಿಲು ತೆರೆದಳು. ನಾನು ಅವಳನ್ನು ದಾಟಿಕೊಂಡು ಒಳಗೆ ಹೋದೆ. ನಡುಮನೆಯ ಹಗ್ಗದ ಮೇಲೆ ಒಂದು ಪುಟ್ಟ ಫ್ರಾಕು ಒಣಗುತ್ತಿತ್ತು, ಅವಳದೇ ಹಳೆಯ ಹಸಿರು ರವಿಕೆ ಕತ್ತರಿಸಿ ಹೊಲಿದದ್ದು. ಮಗು. ಮಗುವೇ ಬಂದಿದೆ. ನಾನು ಕಂಬ ಹಿಡಿದುಕೊಂಡೆ. ಬೈಯಬೇಕೆಂದು ಕೂಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

ಕಸ್ತೂರಿ ಕೂರಿ ಅಂದಳು, ನಾನು ಕೂರಲಿಲ್ಲ. ಅವಳು ನಿಂತೇ ಹೇಳಿದಳು. ನಾನು ಲಾಭ ಅಂದ ಮೇಲೆ ಒಂದು ಅಂದದ್ದು ಧ್ವನಿವರ್ಧಕದ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲವಂತೆ, ಕಿಟಕಿಯೊಳಗಿದ್ದ ಅವಳಿಗೆ ಕೇಳಿಸಿತಂತೆ. ಅವಳೂ ಅದೇ ಅಂಗಡಿಯಲ್ಲಿ ಬೆಳೆದವಳು ತಾನೇ, ಏನಾಗಿದೆ ಅಂತ ಆ ಕ್ಷಣವೇ ತಿಳಿಯಿತಂತೆ. ನನಗೊಬ್ಬಳಿಗೇ ಹೇಳಿದರೆ, ಲೆಕ್ಕ ಕಮಿಟಿಯ ಪುಸ್ತಕಕ್ಕೆ ಏರುವ ಮೊದಲು ನಾನೇ ತಿದ್ದಿಕೊಂಡೇನು ಅಂತ ಓಡಿಬಂದಳಂತೆ. ನಾನು ಕಳ್ಳಿ ಅಂದೆ. ಊರೆಲ್ಲ ತಿರುಗಿ ನೋಡುತ್ತಿತ್ತು. ಅಲ್ಲಿ ಬಾಯಿಬಿಟ್ಟಿದ್ದರೆ ಅತ್ತಿಗೆ ತಪ್ಪು ಎಣಿಸಿದರು ಅಂತ ಎಲ್ಲರೆದುರು ಆಗುತ್ತಿತ್ತು, ಮಗು ಅಲ್ಲೇ ಅವಳ ಪಾಲಾಗುತ್ತಿತ್ತು. ಎಲ್ಲರೂ ಪಲಾವಿನ ಕಡೆ ಹೋದಾಗ ಮರದ ಕುದುರೆಗಳ ಹತ್ತಿರ ಒಂದು ಹೆಣ್ಣುಮಗು ಒಂಟಿಯಾಗಿ ನಿಂತಿತ್ತಂತೆ, ಕೈ ಹಿಡಿದು ಮನೆಗೆ ಕರೆತಂದಳಂತೆ.

“ಸುಳ್ಳು ಹೇಳಲ್ಲ ಅತ್ತಿಗೆ. ಮಗು ನಂದು ಅಂತ ಕೂಗಿಬಿಡೋಣ ಅಂತ ಒಂದು ಗಳಿಗೆ ಬಾಯಿಗೆ ಬಂದಿತ್ತು,” ಅಂದಳು. “ನನಗೂ ಯಾರಿದ್ದಾರೆ ಹೇಳಿ.”

 ಅವಳು ಮುಂದಿನ ದಾರಿಯನ್ನೂ ಯೋಚಿಸಿ ಇಟ್ಟಿದ್ದಳು. ವಾಮನಯ್ಯನವರಿಗೆ ಇದ್ದದ್ದು ಇದ್ದ ಹಾಗೆ ಹೇಳೋಣ, ನಿಯಮ ಇರುವ ಹಾಗೆ ಕಮಿಟಿಯ ಕಾಗದ ತನ್ನ ಹೆಸರಿಗೆ ಬರಲಿ, ಮಗು ಅಣ್ಣನ ಮನೆಯಲ್ಲಿ ಬೆಳೆಯಲಿ, ಕಾಗದ ಯಾರ ಹೆಸರಲ್ಲಿದ್ದರೇನು ಅಂದಳು. ಹಾಗೆ ಮಾಡಿದರೆ ಅವಳ ಸರದಿ ಇವತ್ತಿಗೇ ಮುಗಿದಂತೆ. ಬರುವ ವರ್ಷ ಅವಳಿಗಾಗಿ ಯಾರೂ ರೈಲಿನಿಂದ ಇಳಿಯುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಆದರೆ ನನ್ನ ಹಾಳು ಬುದ್ಧಿ ನೋಡಿ, ಅಷ್ಟಾದರೂ ಒಳಗೆ ಒಂದು ಮೂಲೆಯಲ್ಲಿ ಅದು ಕೂತು ಗೊಣಗುತ್ತಲೇ ಇತ್ತು. ಐದು ದಿನ ಇವಳ ಕೈಯಲ್ಲಿ ಉಂಡಿದೆ, ಇವಳ ಪಕ್ಕದಲ್ಲಿ ಮಲಗಿದೆ. ಇಷ್ಟು ಹೊತ್ತಿಗೆ ಇವಳನ್ನೇ ಅಮ್ಮ ಅನ್ನುತ್ತಿರುತ್ತದೆ. ಬಾಯಲ್ಲಿ ನನಗೆ ಕೊಡುತ್ತೇನೆ ಅಂದರೂ ಮಗು ಇವಳ ಕೊರಳು ಬಿಡುತ್ತದೆಯೇ? ಅದು ಗೊತ್ತಿದ್ದೇ ಇಷ್ಟು ಧಾರಾಳವಾಗಿ ಮಾತಾಡುತ್ತಿದ್ದಾಳೆ ಅಂತ ಗೊಣಗಿತು.

ಆಗ ಹಿತ್ತಲ ಬಾಗಿಲಿನಿಂದ ಮಗು ಒಳಗೆ ಬಂತು. ಐದಾರು ವರ್ಷವಿರಬೇಕು. ಎರಡೂ ಕೈಗೆ ಮಣ್ಣು, ಮೂಗಿನ ಮೇಲೂ ಮಣ್ಣು. ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತಿತು.

“ಅತ್ತೆ, ಇವರು ಯಾರು?” ಅಂತ ಕಸ್ತೂರಿಯನ್ನು ಕೇಳಿತು.

ಅತ್ತೆ ಅಂದಿತು. ನನಗೆ ಸರಿಯಾಗಿಯೇ ಕೇಳಿಸಿತು. ಅಪ್ಪನ ತಂಗಿಯನ್ನು ಕರೆಯುವ ಹಾಗೆ, ಹುಟ್ಟಿದಾಗಿನಿಂದ ಕರೆದು ರೂಢಿಯಾದ ಹಾಗೆ ಕರೆಯಿತು. ಮನೆಯಲ್ಲಿ ಇದ್ದದ್ದು ಅವರಿಬ್ಬರೇ, ಅವಳು ತಟ್ಟಿದಾಗ ನಾನು ಬಾಗಿಲು ತೆಗೆದಿರಲಿಲ್ಲ, ಬರುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ. ಮೊದಲ ದಿನದಿಂದಲೇ ಹೇಳಿಕೊಡದೆ ಮಗುವಿಗೆ ಆ ಮಾತು ಎಲ್ಲಿಂದ ಬರಬೇಕು? ಕಸ್ತೂರಿ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ನನ್ನೊಳಗೆ ಗೊಣಗುತ್ತಿದ್ದದ್ದು ಆ ಗಳಿಗೆ ಬಾಯಿ ಮುಚ್ಚಿತು.

ನಾನು ನೆಲದ ಮೇಲೆ ಕೂತೆ. ಬಾ ಅಂದೆ, ಬಂತು. ಸೆರಗಿನಿಂದ ಮೂಗಿನ ಮಣ್ಣು ಒರೆಸಿದೆ, ಒರೆಸಿಸಿಕೊಂಡಿತು. ಏನಾದರೂ ಮಾತಾಡಬೇಕಲ್ಲ, ನಿನ್ನ ಹೆಸರೇನು ಪುಟ್ಟಾ ಅಂತ ಕೇಳಿದೆ.

“ಇನ್ನೂ ಇಟ್ಟಿಲ್ಲ,” ಅಂದಿತು. “ಅಮ್ಮ ಬಂದು ಇಡ್ತಾಳಂತೆ. ಅಮ್ಮನಿಗೆ ಈಗ ಕೋಪ ಬಂದಿದೆಯಂತೆ, ಅದು ಇಳಿದ ಮೇಲೆ ಬರ್ತಾಳಂತೆ.”